ಬಾನೆಟ್ ಮೇಲೆ 35, ಒಳಗೆ ಯಾವ ಇಂಜಿನ್? ಕಾರಟಗಿ ಕಡೆಯ ಒಂದು ಹಳೇ ಮ್ಯಾಸಿಯ ಪ್ರಕರಣ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡಲು ಇನ್ನೂ ಒಂದು ತಿಂಗಳಿತ್ತು. ಕಾರಟಗಿ ಕಡೆಯ ಹಿರಿಯ ರೈತರೊಬ್ಬರು ತಮ್ಮ ಹಳೇ ಮ್ಯಾಸಿ ಫರ್ಗ್ಯೂಸನ್ 35 ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಎಳೆಸಿಕೊಂಡು ಗಂಗಾವತಿಯ ನನ್ನ ಗ್ಯಾರೇಜಿಗೆ ಬಂದರು. ಕೈಯಲ್ಲೊಂದು ಚೀಲ. ಅದರಲ್ಲಿ ಬೆಂಗಳೂರಿನಿಂದ ಮಗ ಕೊರಿಯರ್ ಮಾಡಿದ್ದ ಹೊಸ ಹೆಡ್ ಗ್ಯಾಸ್ಕೆಟ್, ಇಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹಾಳೆ.

“ಮಿಸ್ತ್ರಿ, ಭಾಳ ಹೊಗಿ ಉಗುಳಾಕತ್ತೈತ್ರಿ ಇದು. ಮುಂಜಾನೆ ಸೆಲ್ಫ್ ಹೊಡದು ಹೊಡದು ಬ್ಯಾಟ್ರಿನ ಮಲಗಿಬಿಡತೈತಿ. ನೀರ್ ಬಿಡೂದ್ರೊಳಗ ಇಂಜಿನ್ ಬೋರ್ ಮಾಡಿ ಕೊಡ್ರಿ. ಸಾಮಾನು ತರ್ಸೀನಿ,” ಅಂದರು.

ಗ್ಯಾಸ್ಕೆಟ್ಟಿನ ಪ್ಲಾಸ್ಟಿಕ್ ಹರಿದು ನೋಡಿದೆ. ಸಿಲಿಂಡರಿನ ತೂತು ನಾಲ್ಕು. ಎದುರಿಗಿದ್ದ ಇಂಜಿನ್ನಿನ ನಾಜಲ್, ಅಂದರೆ ಸಿಲಿಂಡರಿಗೊಂದರಂತೆ ಡೀಸೆಲ್ ಚಿಮ್ಮಿಸುವ ಮೂತಿ, ಎಣಿಸಿದೆ. ಮೂರು.

ಅಲ್ಲಿಂದ ಶುರುವಾದ ಹುಡುಕಾಟ ಹದಿನೆಂಟು ದಿನ ಹಿಡಿಯಿತು. ಅದನ್ನು ಪೂರ್ತಿ ಬರೆದಿಡಲು ಕಾರಣವಿದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಎಷ್ಟೋ ಮನೆಗಳ ಹಿತ್ತಲಲ್ಲಿ ಇಂಥ ಗಾಡಿಗಳು ಇನ್ನೂ ನಿಂತಿವೆ. ಒಳಗಿರುವುದು ಯಾವ ಇಂಜಿನ್ ಅಂತ ತಿಳಿಯದೆ ಎರಡು ಸಲ, ಮೂರು ಸಲ ತಪ್ಪು ಸಾಮಾನಿಗೆ ದುಡ್ಡು ಸುರಿದು, ಬೇಸತ್ತು, ಕೊನೆಗೆ ಗುಜರಿಯವನಿಗೆ ತೂಕಕ್ಕೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಗಟ್ಟಿ ಗಾಡಿಯೊಂದು ಹಾಗೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ತಗಡು ಹೇಳಿದ್ದು

ಮಗನ ತಪ್ಪೇನೂ ಇರಲಿಲ್ಲ. ಅಪ್ಪ ವಾಟ್ಸಾಪಿನಲ್ಲಿ ಕಳಿಸಿದ ತಗಡಿನ ಫೋಟೋ ನೋಡಿ, ಅದರ ನಂಬರಿಗೆ ತಕ್ಕ ಸಾಮಾನನ್ನೇ ಆತ ತರಿಸಿದ್ದ. ಡ್ಯಾಶ್ ಹತ್ತಿರ ರಿವಿಟ್ ಹೊಡೆದ ಆ ತಗಡಿನ ಮೇಲೆ ಅಂಕಿಗಳಿಗಿಂತ ಮುಂಚೆ ಮೂರು ಅಕ್ಷರ: ಎಸ್, ಡಿ, ಎಂ. ಮ್ಯಾಸಿ 35ರಲ್ಲಿ ಈ ಅಕ್ಷರಗಳಿಗೆ ಅರ್ಥವಿದೆ. ನಡುವಿನದು ಡಿ ಆದರೆ ನಾಲ್ಕು ಸಿಲಿಂಡರಿನ ಡೀಸೆಲ್, ಎನ್ ಆದರೆ ಮೂರು ಸಿಲಿಂಡರಿನ ಪರ್ಕಿನ್ಸ್. ಕೊನೆಯ ಎಂ ಅಂದರೆ ಡಬಲ್ ಕ್ಲಚ್. ಎಂ ಆದಮೇಲೆ ವೈ ಇದ್ದರೆ ಡಿಫರೆನ್ಷಿಯಲ್ ಲಾಕ್ ಉಂಟು ಅಂತ.

ಹಾಗಾಗಿ ಈ ಗಾಡಿ ಇಂಗ್ಲೆಂಡಿನ ಕೊವೆಂಟ್ರಿಯ ಕಾರ್ಖಾನೆ ಬಿಟ್ಟಾಗ ಇದರಲ್ಲಿ ಇದ್ದದ್ದು ಸ್ಟ್ಯಾಂಡರ್ಡ್ ಕಂಪನಿಯ 23ಸಿ ಇಂಜಿನ್. ನಾಲ್ಕು ಸಿಲಿಂಡರ್, 2259 ಸಿಸಿ. ಚಳಿಯಲ್ಲಿ ಎದ್ದೇಳಲು ಸತಾಯಿಸುತ್ತದೆ ಅನ್ನುವ ಹೆಸರು ಆ ಇಂಜಿನ್ನಿಗೆ ಮೊದಲಿಂದ ಅಂಟಿತ್ತು. 1959ರಲ್ಲಿ ಮ್ಯಾಸಿ ಫರ್ಗ್ಯೂಸನ್ ಕಂಪನಿ ಪರ್ಕಿನ್ಸ್ ಕಂಪನಿಯನ್ನೇ ಕೊಂಡುಕೊಂಡಿತು. ಮನೆಯಲ್ಲೇ ಇಂಜಿನ್ ಇರುವಾಗ ಹೊರಗಿನಿಂದ ಯಾಕೆ ತರಬೇಕು? ಅದೇ ವರ್ಷದ ಕೊನೆಯಿಂದ 35ಕ್ಕೆ ಮೂರು ಸಿಲಿಂಡರಿನ ಪರ್ಕಿನ್ಸ್ ಕೂತಿತು. ಅಂದರೆ ಹೆಸರು ಒಂದೇ, ಬಾನೆಟ್ ಒಂದೇ, ಒಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಇಂಜಿನ್.

ಯಜಮಾನರ ಗಾಡಿಯಲ್ಲಿ ತಗಡು ಹೇಳುವುದು ಒಂದು, ನಾಜಲ್ ಹೇಳುವುದು ಇನ್ನೊಂದು. ಇಂಜಿನ್ ಬದಲಾಗಿದೆ ಎಂದೇ ಅರ್ಥ. ಡ್ಯಾಶಿನ ಅಡಿಗೆ ಕೈ ಹಾಕಿದರೆ ಇನ್ನೊಂದು ಗುರುತು ಸಿಕ್ಕಿತು: ಹೀಟರ್ ಪ್ಲಗ್ಗಿಗೆ ಹೋಗಬೇಕಾದ ದಪ್ಪ ವೈರು ಎಲ್ಲಿಗೂ ಹೋಗದೆ, ಸುತ್ತಿ, ಟೇಪ್ ಹಚ್ಚಿ, ಮೂಲೆಯಲ್ಲಿ ಸಿಕ್ಕಿಸಿತ್ತು. ತಣ್ಣಗಿರುವಾಗ ಏಳಲು 23ಸಿಗೆ ಆ ಪ್ಲಗ್ಗುಗಳು ಬೇಕು. ಈಗಿನ ಇಂಜಿನ್ನಿಗೆ ಮ್ಯಾನಿಫೋಲ್ಡಿನಲ್ಲಿ ಥರ್ಮೋಸ್ಟಾರ್ಟ್ ಇತ್ತು. ಅದು ಒಳಹೋಗುವ ಗಾಳಿಯಲ್ಲೇ ಹನಿ ಡೀಸೆಲ್ ಉರಿಸಿ ಬಿಸಿ ಮಾಡುತ್ತದೆ.

“ಇಲ್ಲ ಬಿಡ್ರಿ, ನಮ್ಮಪ್ಪ ತಂದಾಗಿಂದ ಇದ ಇಂಜಿನ್ನ ಐತಿ,” ಅಂತ ಯಜಮಾನರು ಒಪ್ಪಲಿಲ್ಲ. ನಾನೂ ವಾದ ಬೆಳೆಸಲಿಲ್ಲ.

ಮೂರು ಸಿಲಿಂಡರ್ ಅಂದಮೇಲೂ ಮುಗಿಯಲಿಲ್ಲ

ನಮ್ಮ ಕಡೆ ಮೂರು ಸಿಲಿಂಡರಿನ ಹಳೇ ಇಂಜಿನ್ ಕಂಡರೆ ಸಾಕು, “ಸಿಂಪ್ಸನ್” ಅಂದುಬಿಡುತ್ತಾರೆ. ಮದ್ರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಇಂಜಿನ್‌ಗಳನ್ನು ಇಲ್ಲೇ ತಯಾರಿಸುತ್ತಿತ್ತು. 1960ರಲ್ಲಿ ಶುರುವಾದ ಟ್ರ್ಯಾಕ್ಟರ್ ಕಂಪನಿ ಟ್ಯಾಫೆಯೂ ಅದೇ ಬಳಗದ್ದು. ಹೆಸರು ನಿಂತದ್ದಕ್ಕೆ ಕಾರಣ ಅದು, ಆದರೆ ಆ ಹೆಸರು ಹೇಳಿ ಲೈನರ್ (ಸಿಲಿಂಡರಿನ ಒಳ ಕೊಳವೆ) ತರಲಾಗುವುದಿಲ್ಲ. ಈ ಗಾಡಿಯಲ್ಲಿ ಕೂತಿರಬಹುದಾದ ಮೂರು ಇಂಜಿನ್ ನನ್ನ ಲೆಕ್ಕದಲ್ಲಿ ಇದ್ದವು.

ಮೊದಲನೆಯದು ಪರ್ಕಿನ್ಸ್ ಪಿ3. ಇದರ ಸಿಲಿಂಡರುಗಳ ಒಟ್ಟು ಗಾತ್ರ 144 ಘನ ಇಂಚು. ಹಳೇ ಫರ್ಗ್ಯೂಸನ್ ಟ್ರ್ಯಾಕ್ಟರುಗಳಿಗೆ ಪೆಟ್ರೋಲ್ ಇಂಜಿನ್ ತೆಗೆದು ಇದನ್ನು ಕೂಡಿಸುವ ಪದ್ಧತಿ ಇತ್ತು. ಎರಡನೆಯದು 35ಕ್ಕೇ ಬಂದ ಎ3.152. ಮೂರನೆಯದು 1964ರ ಕೊನೆಗೆ ಹೊರಬಂದ ಮ್ಯಾಸಿ 135 ಟ್ರ್ಯಾಕ್ಟರಿನ ಎಡಿ3.152. ಅದರಲ್ಲಿ ಡಿ ಅಂದರೆ ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ ನೇರವಾಗಿ ಸಿಲಿಂಡರಿಗೇ ಚಿಮ್ಮುವ ಬಗೆ.

144 ಅನ್ನುವ ಅಂಕಿ ಬಂದದ್ದರಿಂದ ಒಂದು ಮಾತು ಹೇಳಲೇಬೇಕು. ಫೋರ್ಡ್‌ಸನ್ ಡೆಕ್ಸ್ಟಾದ ಇಂಜಿನ್ನೂ ಪರ್ಕಿನ್ಸ್ ವಿನ್ಯಾಸದ್ದೇ, ಅದೂ 144. ಅತ್ತ ನಮ್ಮ ರೈತರ ಮನೆಮನೆಯಲ್ಲೂ ಇದ್ದ ಇಂಟರ್‌ನ್ಯಾಷನಲ್ ಬಿ-275ರ ಇಂಜಿನ್ನಿನ ಹೆಸರು ಬಿಡಿ-144. ಆದರೆ ಅದು ನಾಲ್ಕು ಸಿಲಿಂಡರಿನದು. ಮೂರೂವರೆ ಇಂಚಿನ ಬೋರ್ (ಸಿಲಿಂಡರಿನ ಒಳ ಅಗಲ), ಐದು ಇಂಚಿನ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಮೂರು ಸಿಲಿಂಡರ್ ಅಂದರೂ 144 ಘನ ಇಂಚು, 3.375 ಇಂಚಿನ ಬೋರ್, ನಾಲ್ಕು ಇಂಚಿನ ಸ್ಟ್ರೋಕ್, ನಾಲ್ಕು ಸಿಲಿಂಡರ್ ಅಂದರೂ ಹತ್ತಿರ ಹತ್ತಿರ ಅಷ್ಟೇ. ಅಂಗಡಿಯಲ್ಲಿ “144 ಪಿಸ್ಟನ್ ಕೊಡ್ರಿ” ಅಂದರೆ ಯಾವುದು ಬೇಕಾದರೂ ಕೈಗೆ ಬರಬಹುದು. ಹಿಂದೊಮ್ಮೆ ಸಿರುಗುಪ್ಪದ ಒಂದು ಡೆಕ್ಸ್ಟಾಗೆ ಹೀಗೇ ಬಿ-275ರ ರಿಂಗ್ ಸೆಟ್ ಬಂದು ವಾರಗಟ್ಟಲೆ ಕೂತದ್ದುಂಟು.

ಪಿ3 ಅನ್ನುವ ಗುಮಾನಿ ಬೇಗ ಹೋಯಿತು. ಅದರ ವಾಲ್ವುಗಳ ಟೈಮಿಂಗ್ ಚೈನಿನ ಮೇಲೆ ನಡೆಯುತ್ತದೆ. ಮುಂದಿನ ಕವರ್ ಬಿಚ್ಚಿದರೆ ಇಲ್ಲಿ ಇದ್ದದ್ದು ಗೇರು. ಪಂಪು ಸಿಎವಿ ಕಂಪನಿಯ ರೋಟರಿ ಪಂಪು. ಪಿ3ಗೆ ಬರುತ್ತಿದ್ದದ್ದು ಲೈನ್ ಪಂಪು. ಆದರೆ ಪಂಪನ್ನು ಸಾಕ್ಷಿಗೆ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಅರವತ್ತು ವರ್ಷದ ಗಾಡಿಯಲ್ಲಿ ಪಂಪು, ಸೆಲ್ಫು, ಡೈನಮೋ ಎಷ್ಟು ಸಲ ಬದಲಾಗಿರುತ್ತವೋ. ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಯಾವುದನ್ನೂ ನಂಬಿ ಇಂಜಿನ್ ಹೆಸರು ಹೇಳಬಾರದು ಅಂತ ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳುತ್ತಿದ್ದರು.

ಸೀಮೆಎಣ್ಣೆ, ಚಾಕ್‌ಪೀಸು, ವರ್ನಿಯರ್

ಬ್ಲಾಕಿನ ಮೇಲೆ ನಂಬರ್ ಹೊಡೆದ ಜಾಗ ಪಂಪಿನ ಮಗ್ಗುಲಲ್ಲಿ ಸಿಕ್ಕಿತು. ಸಿಕ್ಕಿತು ಅಂದರೆ, ಅಲ್ಲೊಂದು ಸಪಾಟು ಇದೆ ಅನ್ನುವುದಷ್ಟೇ ಬೆರಳಿಗೆ ಗೊತ್ತಾಯಿತು. ಮೇಲೆ ನೀಲಿ ಬಣ್ಣ, ಅದರಡಿ ಬೂದು ಬಣ್ಣ, ಅದರಡಿ ಎಣ್ಣೆ ಮಣ್ಣು ಕಲೆತು ಗಟ್ಟಿಯಾದ ಕಪ್ಪು ಪದರ. ಹುಡುಗ ಉಳಿ ತಂದ. ತಡೆದೆ. ಉಳಿಯಿಂದ ಕೆರೆದರೆ ಬಣ್ಣದ ಜೊತೆಗೆ ನಂಬರೂ ಹೋಗುತ್ತದೆ. ಬನಿಯನ್ ವೇಸ್ಟನ್ನು ಸೀಮೆಎಣ್ಣೆಯಲ್ಲಿ ಅದ್ದಿ ರಾತ್ರಿಯಿಡೀ ಆ ಜಾಗಕ್ಕೆ ಕಟ್ಟಿಟ್ಟೆವು. ಬೆಳಿಗ್ಗೆ ಹಿತ್ತಾಳೆ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಒಣಗಿದ ಮೇಲೆ ಚಾಕ್‌ಪೀಸನ್ನು ಅಡ್ಡಡ್ಡ ತಿಕ್ಕಿದೆ. ಗುಣಿಯೊಳಗೆ ಸುಣ್ಣ ಕೂತು ಅಂಕಿ ಎದ್ದವು. ಟಾರ್ಚನ್ನು ಎದುರಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದಾಗ ಮೊದಲ ಮೂರು ಸ್ಪಷ್ಟವಾದವು: 1, 5, 2. ಮುಂದಿನದ್ದನ್ನೆಲ್ಲ ತುಕ್ಕು ತಿಂದಿತ್ತು.

ಈ ಮೂರು ಅಂಕಿಯಿಂದ ಎರಡು ವಿಷಯ ತಿಳಿಯಿತು. ಇಂಜಿನ್ 152 ಘನ ಇಂಚಿನ ಬಳಗದ್ದು. ಮತ್ತು ಇದು ಹಳೇ ಪದ್ಧತಿಯ ನಂಬರು. 1974ರಿಂದ ಪರ್ಕಿನ್ಸ್ ನಂಬರಿನ ರೀತಿಯೇ ಬೇರೆಯಾಯಿತು: ಮೊದಲು ಇಂಜಿನ್ ಬಳಗದ ಎರಡು ಅಕ್ಷರ (135ರ ಇಂಜಿನ್ನಿಗಾದರೆ ಸಿಇ), ನಡುವೆ ದೇಶದ ಅಕ್ಷರ (ಇಂಗ್ಲೆಂಡಿಗೆ ಯು), ಕೊನೆಯಲ್ಲಿ ವರ್ಷದ ಅಕ್ಷರ, 1974ಕ್ಕೆ ಎ, 1975ಕ್ಕೆ ಬಿ, ಹೀಗೆ. ನಮ್ಮದು ಅದಕ್ಕಿಂತ ಹಿಂದಿನದು.

ನಂಬರ್ ಸಿಕ್ಕಿತು ಅಂತ ಸುಮ್ಮನಾಗಲಿಲ್ಲ. ಹೆಡ್ ಇಳಿಸಿ ಅಳತೆ ಹಿಡಿದೆ. ಲೈನರಿನ ತುತ್ತತುದಿಯಲ್ಲಿ, ರಿಂಗು ಮುಟ್ಟದ ಅಂಚಿನಲ್ಲಿ ಬೋರ್ 91.45 ಮಿಲಿಮೀಟರ್. ಅದರ ಕೆಳಗೆ, ರಿಂಗು ಓಡಾಡುವ ಕಡೆ 91.9. ಅಂದರೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಸವೆದಿದೆ, ಎಣ್ಣೆ ಕುಡಿಯುವುದಕ್ಕೆ ಬೇರೆ ಕಾರಣ ಬೇಕಿಲ್ಲ. 144ರ ಬೋರ್ ಆಗಿದ್ದರೆ 88.9 ಇರಬೇಕಿತ್ತು. ಎರಡೂವರೆ ಮಿಲಿಮೀಟರಿನ ವ್ಯತ್ಯಾಸ ಸವಕಳಿಯಿಂದ ಬರುವಂಥದ್ದಲ್ಲ. ಆಮೇಲೆ ಒಂದನೇ ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿ ಡೆಪ್ತ್ ವರ್ನಿಯರ್ ಬಿಟ್ಟೆ, ಪೂರ್ತಿ ಮೇಲೇರಿಸಿ ಮತ್ತೆ ಅಳೆದೆ. ಎರಡರ ನಡುವಿನ ಅಂತರ 127, ಸರಿಯಾಗಿ ಐದು ಇಂಚು.

ಸ್ಟ್ರೋಕ್ ಅಳೆಯುವುದನ್ನು ನಮ್ಮವರು ಬಿಟ್ಟೇಬಿಡುತ್ತಾರೆ. ಬೋರ್ ಕೊರೆಸಬಹುದು, ಲೈನರ್ ಬದಲಿಸಬಹುದು. ಸ್ಟ್ರೋಕ್ ಕ್ರ್ಯಾಂಕಿನಲ್ಲೇ ಇರುತ್ತದೆ, ಅದನ್ನು ಯಾವ ಲೇತಿನವನೂ ಸುಲಭಕ್ಕೆ ಬದಲಿಸಲಾರ. 91.44 ಬೋರ್, 127 ಸ್ಟ್ರೋಕ್, ಮೂರು ಸಿಲಿಂಡರ್ ಗುಣಿಸಿದರೆ 2500 ಸಿಸಿ ಬರುತ್ತದೆ. ಒಂದು ಘನ ಇಂಚಿಗೆ 16.387 ಸಿಸಿಯಂತೆ ಭಾಗಿಸಿದರೆ 152.7. ನಂಬರೂ ಅಳತೆಯೂ ಒಂದೇ ಮಾತು ಹೇಳಿದವು.

ಬಟ್ಟಲಿನ ಪಿಸ್ಟನ್

ಇಲ್ಲಿ ನಾನು ಎಡವಿದೆ. 152 ಖಾತ್ರಿಯಾಯಿತು ಅಂತ ಅಂಗಡಿಗೆ ಫೋನ್ ಮಾಡಿ ಲೈನರ್-ಪಿಸ್ಟನ್ ಕಿಟ್ ಹೇಳಿದೆ. “ಹಳೇದಾ, ಹೊಸಾದಾ?” ಅಂತ ಅಂಗಡಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಿಟ್ ಬಂತು. ಹಳೇ ಲೈನರ್ ಎಳೆದು ಹೊಸದನ್ನು ಪ್ರೆಸ್ಸಿನಲ್ಲಿ ಕೂಡಿಸಿದೆವು. ಚೆನ್ನಾಗಿಯೇ ಕೂತವು. ರಿಂಗಿನ ಗ್ಯಾಪ್ ನೋಡಿಯಾಯಿತು. ಗಜ್ಜನ್ ಪಿನ್ನೂ ಸರಿಹೊಂದಿತು.

ಹುಡುಗ ಹಳೇ ಪಿಸ್ಟನ್ನುಗಳನ್ನು ಡೀಸೆಲ್ ಟ್ರೇಯಲ್ಲಿ ತೊಳೆದು ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದ. ಹೊಸದೊಂದನ್ನು ಅದರ ಪಕ್ಕ ಇಟ್ಟು, “ಉಸ್ತಾದ್, ಇದ್ರ ತಲಿ ಬ್ಯಾರೆ ಐತಿ ನೋಡ್ರಿ,” ಅಂದ.

ಹಳೇದರ ತಲೆ ಚಪ್ಪಟೆ. ಹೊಸದರ ತಲೆಯ ನಡುವೆ ಬಟ್ಟಲಿನಂಥ ಆಳವಾದ ಗುಳಿ.

ಕೈಕಾಲು ತಣ್ಣಗಾದವು. ಹೆಡ್ಡನ್ನು ತಿರುವಿ ಹಾಕಿ ಕಾರ್ಬನ್ ಕೆರೆದೆ. ಪ್ರತಿ ಸಿಲಿಂಡರಿಗೆ ಎದುರಾಗಿ ಹೆಡ್ಡಿನಲ್ಲೊಂದು ಬಾಯಿ, ಅದರೊಳಗೆ ದುಂಡನೆಯ ಗೂಡು. ಎರಡು ದಿನ ಅದೇ ಹೆಡ್ಡು ನನ್ನ ಕಣ್ಣೆದುರಿಗೇ ಬಿದ್ದಿತ್ತು. ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ಬಿದ್ದಿರಲಿಲ್ಲ. 35ರ ಎ3.152 ಇನ್‌ಡೈರೆಕ್ಟ್ ಇಂಜೆಕ್ಷನ್ನಿನದು. ಡೀಸೆಲ್ ಸಿಡಿಯುವುದು ಹೆಡ್ಡಿನೊಳಗಿನ ಗೂಡಿನಲ್ಲಿ, ಹಾಗಾಗಿ ಪಿಸ್ಟನ್ನಿನ ತಲೆ ಚಪ್ಪಟೆ. 135ರ ಎಡಿ3.152ನಲ್ಲಿ ಹೆಡ್ಡು ಸಪಾಟು, ಬಟ್ಟಲು ಪಿಸ್ಟನ್ನಿನ ತಲೆಯಲ್ಲಿ. ಬೋರ್ ಒಂದೇ, ಸ್ಟ್ರೋಕ್ ಒಂದೇ, ಲೈನರ್ ಕೂಡ ತಕರಾರಿಲ್ಲದೆ ಇಳಿಯುತ್ತದೆ. ಉರಿಯುವ ಜಾಗ ಮಾತ್ರ ಬೇರೆ.

ಹಾಗೇ ಕಟ್ಟಿದ್ದರೆ ಏನಾಗುತ್ತಿತ್ತು ಅಂತ ಅವತ್ತು ರಾತ್ರಿ ಲೆಕ್ಕ ಹಾಕಿದೆ. ಒಂದು ಸಿಲಿಂಡರ್ ಅಂದರೆ 834 ಸಿಸಿ. ಕಂಪ್ರೆಷನ್, ಅಂದರೆ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, ಹದಿನೇಳರ ಮೇಲಿರುವ ಈ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 51 ಸಿಸಿ. ಹೊಸ ಪಿಸ್ಟನ್ನಿನ ಬಟ್ಟಲಿಗೆ ಸಿರಿಂಜಿನಿಂದ ಡೀಸೆಲ್ ತುಂಬಿ ನೋಡಿದರೆ 35 ಸಿಸಿ ಹತ್ತಿರ ಹಿಡಿಯಿತು. ಎರಡೂ ಸೇರಿದರೆ 86. ಕಂಪ್ರೆಷನ್ ಹದಿನೇಳರಿಂದ ಹನ್ನೊಂದಕ್ಕಿಂತ ಕೆಳಗಿಳಿಯುತ್ತಿತ್ತು. ಗಾಳಿಯನ್ನು ಒತ್ತಿ ಬಿಸಿ ಮಾಡಿಯೇ ಡೀಸೆಲ್ ಹೊತ್ತಬೇಕು. ಅಷ್ಟು ಒತ್ತಡದಲ್ಲಿ ಅದು ಹೊತ್ತುವುದಿಲ್ಲ. ಸೆಲ್ಫ್ ಹೊಡೆದು ಹೊಡೆದು ಸುಸ್ತಾಗಿ, ಪಂಪ್ ಟೈಮಿಂಗ್ ತಪ್ಪಿದೆ ಅಂತ ಪಂಪ್ ಇಳಿಸುತ್ತಿದ್ದೆವು, ನಾಜಲ್ ಕೆಟ್ಟಿದೆ ಅಂತ ನಾಜಲ್ ಬದಲಿಸುತ್ತಿದ್ದೆವು. ಯಜಮಾನರ ದುಡ್ಡಿನಲ್ಲಿ.

ಮಾರನೇ ದಿನ ಅವರನ್ನು ಕರೆದು ಎರಡೂ ಪಿಸ್ಟನ್ ಕೈಗೆ ಕೊಟ್ಟು ತೋರಿಸಿದೆ. ತಪ್ಪು ನನ್ನದು, ಪಿಸ್ಟನ್ನಿನ ಖರ್ಚು ನಾನೇ ನೋಡಿಕೊಳ್ಳುತ್ತೇನೆ ಅಂದೆ. ಬಹಳ ಹೊತ್ತು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದರು. ಬಟ್ಟಲಿನೊಳಗೆ ಹೆಬ್ಬೆರಳು ಆಡಿಸಿದರು.

“ಹಂಗಾರ ಇದು 35ರದ್ದ ಇಂಜಿನ್ನು. 135ರದ್ದಲ್ಲ,” ಅಂದರು.

“ಹೌದ್ರಿ ಯಜಮಾನ್ರ. 35ರದ್ದ. ಆದ್ರ ಈ 35ರದ್ದಲ್ಲ.”

ಆ ಮಾತು ಅವರನ್ನು ಎಲ್ಲಿಗೋ ಕರೆದೊಯ್ದಿರಬೇಕು. ಸಂಜೆ ಊರಿನಿಂದ ಫೋನ್ ಬಂತು.

ಇಂಜಿನ್ ಬಂದ ದಾರಿ

ಮನೆಯಲ್ಲಿ ಅವರಿಗಿಂತ ಹಿರಿಯರಾದ ಅಕ್ಕ ಇದ್ದರು. ಅವರಿಗೆ ಎಲ್ಲ ನೆನಪಿತ್ತು. 1953ರಲ್ಲಿ ತುಂಗಭದ್ರೆಯ ನೀರು ಹರಿಯಲು ಶುರುವಾದ ಮೇಲೆ ಆಂಧ್ರದ ಕರಾವಳಿ ಕಡೆಯಿಂದ ರೈತರು ಬಂದು ಇಲ್ಲಿ ಭೂಮಿ ಮಾಡಿದರು. ಅವರು ಕಟ್ಟಿಕೊಂಡ ಊರುಗಳನ್ನು ಇವತ್ತಿಗೂ ಕ್ಯಾಂಪ್ ಅಂತಲೇ ಕರೆಯುತ್ತೇವೆ. ಅಂಥ ಒಂದು ಕ್ಯಾಂಪಿನವರಿಂದ ಇವರ ತಂದೆ ಗಾಡಿ ಕೊಂಡಿದ್ದರು. ಅದೇ ಕ್ಯಾಂಪಿನಲ್ಲಿ ಇನ್ನೊಂದು ಮ್ಯಾಸಿ ಇತ್ತು, ಅದು ಕಾಲುವೆ ಏರಿಯ ಮೇಲಿಂದ ಉರುಳಿ ಹಿಂದಿನ ಆಕ್ಸಲ್ಲೇ ಮುರಿದಿತ್ತು. ಒಂದರ ಮೈ ಚೆನ್ನಾಗಿತ್ತು, ಇನ್ನೊಂದರ ಇಂಜಿನ್ ಚೆನ್ನಾಗಿತ್ತು. ಹೊಸಪೇಟೆಯ ಮಿಸ್ತ್ರಿಯೊಬ್ಬರು ಎರಡನ್ನೂ ಕೂಡಿಸಿ ಒಂದು ಮಾಡಿದ್ದರು. ಗಾಡಿ ಮನೆಗೆ ಬರುವುದಕ್ಕೂ ಮುಂಚಿನ ಮಾತು ಇದು. “ನಮ್ಮಪ್ಪ ತಂದಾಗಿಂದ ಇದ ಇಂಜಿನ್ನ” ಅಂತ ಯಜಮಾನರು ಹೇಳಿದ್ದೂ ಸುಳ್ಳಲ್ಲ.

ಆ ಹೊಸಪೇಟೆಯ ಮಿಸ್ತ್ರಿಯ ಮೇಲೆ ನನಗೆ ಗೌರವ ಹುಟ್ಟಿತು. ಬಾನೆಟ್ಟಿಗೆ ಹಾಕಿದ ತೇಪೆಯ ವೆಲ್ಡಿಂಗ್ ಇವತ್ತಿಗೂ ಬಿರುಕು ಬಿಟ್ಟಿಲ್ಲ. ಬೇಡವಾದ ಹೀಟರ್ ವೈರನ್ನು ಕತ್ತರಿಸಿ ಎಸೆಯದೆ ಜೋಪಾನವಾಗಿ ಸುತ್ತಿಟ್ಟಿದ್ದರು. ಆ ವೈರು ನನಗೆ ಎಷ್ಟು ಉಪಕಾರ ಮಾಡಿತು ಅನ್ನುವುದು ಅವರಿಗೆ ತಿಳಿಯುವಂತಿಲ್ಲ.

ಕಾಗದದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆರ್‌ಸಿ ಪುಸ್ತಕದಲ್ಲಿ ಇರುವುದು ಹಳೇ ಇಂಜಿನ್ನಿನ ನಂಬರು. ಇಂಜಿನ್ ಬದಲಿಸಿದರೆ ಅದನ್ನು ನೋಂದಣಿ ದಾಖಲೆಯಲ್ಲಿ ಸೇರಿಸಬೇಕು. ಈಗಿನ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ವಾಹನದ ಮಾರ್ಪಾಡಿನ ವಿಷಯ 52ನೇ ಕಲಮಿನಲ್ಲಿ ಬರುತ್ತದೆ. ಗದ್ದೆಯಲ್ಲೇ ಇರುವ ಗಾಡಿಯಾದರೂ ಇಂದಲ್ಲ ನಾಳೆ ರಸ್ತೆಗೆ ಬರುತ್ತದೆ, ಕೊಪ್ಪಳಕ್ಕೆ ಹೋಗಿ ಸರಿಮಾಡಿಸಿಕೊಂಡು ಬನ್ನಿ ಅಂದೆ. ಮಗ ರಜೆಗೆ ಬಂದಾಗ ಮಾಡಿಸುವುದಾಗಿ ಒಪ್ಪಿದರು.

ಚಪ್ಪಟೆ ತಲೆಯ ಪಿಸ್ಟನ್ನಿಗೆ ಹತ್ತಿರದಲ್ಲೆಲ್ಲೂ ದಾರಿ ಕಾಣಲಿಲ್ಲ. ಕೊನೆಗೆ ಹಳೇ ಪಿಸ್ಟನ್ನನ್ನು ಸ್ಕೇಲಿನ ಜೊತೆ ಇಟ್ಟು, ಮೇಲಿಂದ, ಪಕ್ಕದಿಂದ, ಅಡಿಯಿಂದ ಫೋಟೋ ತೆಗೆದು, ಪಿನ್ನಿನ ನಡುವಿನಿಂದ ತಲೆಯವರೆಗಿನ ಎತ್ತರ ಬರೆದು ರಾಜಕೋಟದ ಒಬ್ಬ ವ್ಯಾಪಾರಿಗೆ ಕಳಿಸಿದೆ. ಮಾಡೆಲ್ಲಿನ ಹೆಸರು ಬೇಕಂತಲೇ ಕೊನೆಯ ಸಾಲಿನಲ್ಲಿ ಬರೆದೆ, ಮೊದಲು ಅಳತೆ ನೋಡಲಿ ಅಂತ. ಎಂಟನೇ ದಿನ ಮೂರು ಪಿಸ್ಟನ್ ಬಂದವು. ಈ ಸಲ ಪೆಟ್ಟಿಗೆ ಒಡೆದ ಕೂಡಲೇ ಹುಡುಗನೇ ಹಳೇದರ ಪಕ್ಕ ಇಟ್ಟು, ತಲೆಯ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಹಿಡಿದು, ಬೆಳಕು ನುಸುಳುತ್ತದೋ ಅಂತ ನೋಡಿದ.

ಕಟ್ಟಿದೆವು. ವಾಲ್ವಿಗೆ ತಣ್ಣಗಿರುವಾಗ ಹನ್ನೆರಡು ಥೌ (ಇಂಚಿನ ಸಾವಿರದಲ್ಲಿ ಹನ್ನೆರಡು ಪಾಲು) ಗ್ಯಾಪ್ ಕೊಟ್ಟೆ. ಲೈನಿನ ಗಾಳಿ ತೆಗೆದು, ಥರ್ಮೋಸ್ಟಾರ್ಟ್ ಬಿಸಿಯಾಗಲು ಹತ್ತಿಪ್ಪತ್ತು ಎಣಿಸಿ, ಸೆಲ್ಫ್ ಹೊಡೆಯಲು ಯಜಮಾನರಿಗೇ ಹೇಳಿದೆ. ಎರಡನೇ ಹೊಡೆತಕ್ಕೆ ಹಿಡಿಯಿತು. ಮೊದಲು ಒಂದಷ್ಟು ಬಿಳಿ ಹೊಗೆ, ಆಮೇಲೆ ಸೈಲೆನ್ಸರಿನ ಬಾಯಿ ತಿಳಿಯಾಯಿತು. ಬ್ರೀದರ್ ಪೈಪಿನ ಬಾಯಿಗೆ ಅಂಗೈ ಹಿಡಿದರೆ ಎಣ್ಣೆ ಹನಿ ಇಲ್ಲ. ಮೂರು ಸಿಲಿಂಡರಿನ ಆ ದಪ್ಪ ಸದ್ದು ಶೆಡ್ಡಿನ ತಗಡನ್ನೆಲ್ಲ ನಡುಗಿಸಿತು. ಯಜಮಾನರು ಸೀಟಿನಿಂದ ಇಳಿಯಲೇ ಇಲ್ಲ.

ಹೊರಡುವ ಮುಂಚೆ ಒಂದು ಅಲ್ಯೂಮಿನಿಯಂ ತಗಡು ಕತ್ತರಿಸಿ, ಪಂಚಿನಿಂದ ಒಂದೊಂದೇ ಅಕ್ಷರ ಹೊಡೆದು, ಕಂಪನಿಯ ಹಳೇ ತಗಡಿನ ಕೆಳಗೆ ರಿವಿಟ್ ಮಾಡಿದೆ. ಇಂಗ್ಲಿಷಿನಲ್ಲಿ ಹೊಡೆಯಲು ಹೊರಟವನನ್ನು ಯಜಮಾನರು ತಡೆದರು, ಕನ್ನಡದಲ್ಲೇ ಇರಲಿ ಅಂದರು. ಕನ್ನಡದ ಪಂಚು ನನ್ನ ಹತ್ತಿರ ಎಲ್ಲಿಂದ ಬರಬೇಕು, ಮೊಳೆಯ ತುದಿಯಿಂದ ಚುಕ್ಕೆ ಚುಕ್ಕೆ ಇಟ್ಟು ಬರೆದೆ. ಅರ್ಧ ದಿನ ಹಿಡಿಯಿತು. ಅದರಲ್ಲಿ ಇಷ್ಟಿದೆ: “ಇಂಜಿನ್ ಬದಲಾಗಿದೆ. ಪರ್ಕಿನ್ಸ್ ಎ3.152. ಬೋರ್ 91.44, ಸ್ಟ್ರೋಕ್ 127. ಗೂಡು ಹೆಡ್ಡಿನಲ್ಲಿ. ಪಿಸ್ಟನ್ ತಲೆ ಚಪ್ಪಟೆ.”